ಕೈಗೆ ಕಟ್ಟಿದ ಬಣ್ಣ

ಡ್ರಿಲ್ ಮೇಷ್ಟ್ರಿಗೆ ಈಜು ಕಲಿಸುವ ವಿದ್ಯೆ ಗೊತ್ತಿದ್ದದ್ದು ಒಂದೇ: ಹಿಂದಿನಿಂದ ಬಂದು ತಳ್ಳುವುದು. ಊರಾಚೆ ಕಲ್ಲುಗಣಿಯ ಹೊಂಡದ ಅಂಚಿಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಅಲ್ಲಿ ನೋಡ್ರೋ ಹದ್ದು" ಎನ್ನುತ್ತಿದ್ದರು. ಹುಡುಗರು ಕತ್ತೆತ್ತಿದ್ದೇ ತಡ, ಬೆನ್ನಿಗೆ ಕೈ ಬೀಳುತ್ತಿತ್ತು. ನೀರು ಕುಡಿದು, ಕೆಮ್ಮಿ, ಕೈಕಾಲು ಬಡಿದು ಮುಕ್ಕಾಲು ಊರು ಹಾಗೆಯೇ ಈಜು ಕಲಿಯಿತು. ಕಲಿಯದೆ ಉಳಿದವನು ಮೇಷ್ಟ್ರ ಸ್ವಂತ ಮಗ ಒಬ್ಬನೇ. ಏಳನೇ ವಯಸ್ಸಿನಲ್ಲಿ ಕಲ್ಲಿನ ಹಾಗೆ ಮುಳುಗಿದವನನ್ನು ದೊಡ್ಡ ಹುಡುಗರಿಬ್ಬರು ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದಾಗ, ಅಪ್ಪ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ನಗುತ್ತಾ, "ತಮಾಷೆಗೆ ಕಣೋ" ಅಂದಿದ್ದರು. ಮಗ ತಲೆಯಾಡಿಸಿದ್ದ. ಏಳು ವರ್ಷದವನು ಇನ್ನೇನು ಮಾಡಿಯಾನು?

ಆ ಮಗನಿಗೆ ಈಗ ನಲವತ್ತೆರಡು. ಔಷಧಿ ಅಂಗಡಿ ಇಟ್ಟಿದ್ದಾನೆ. ಎಂಥ ಡಾಕ್ಟರು ಗೀಚಿದ ಚೀಟಿಯನ್ನೂ ಓದಬಲ್ಲ, ಯಾರಿಗೂ ಎದುರಾಡುವವನಲ್ಲ, ಇವತ್ತಿಗೂ ಸ್ನಾನಕ್ಕೆ ಕೂತರೆ ಕಣ್ಣು ಮುಚ್ಚಿ ತಲೆಗೆ ನೀರು ಸುರಿದುಕೊಳ್ಳಲಾರ. ಇಂಥವನು ಕುಟುಂಬ ಸಮೇತ ದ್ವೀಪಕ್ಕೆ ಬಂದದ್ದು ಸಮುದ್ರದ ಮೇಲಿನ ಪ್ರೀತಿಗಲ್ಲ. ಔಷಧಿ ಕಂಪನಿಯೊಂದು ತನ್ನ ಸಿರಪ್ಪನ್ನು ಅತಿ ಹೆಚ್ಚು ಮಾರಿದ ಅಂಗಡಿಗಳಿಗೆ ಮೂರು ದಿನದ ಪ್ರವಾಸ ಇನಾಮು ಕೊಟ್ಟಿತ್ತು. ಊರಿನವರ ಕೆಮ್ಮಿನ ಪುಣ್ಯ, ಇವರಿಗೆ ತೆಂಗಿನ ನೆರಳು. ನಾಲ್ಕು ಜನಕ್ಕೆ ಟಿಕೆಟ್ಟು ಎಂದಾಗ ಅವನು, ಹೆಂಡತಿ, ಎಂಟು ವರ್ಷದ ಪುಟ್ಟಿ ಸೇರಿ ಮೂವರಾದರು. ನಾಲ್ಕನೆಯ ಸೀಟು ಅಪ್ಪನಿಗೆ ಹೋಯಿತು. ಆರು ತಿಂಗಳ ಹಿಂದೆ ಎದೆಯಲ್ಲಿ ಎರಡು ಸ್ಟೆಂಟ್ ಹಾಕಿಸಿಕೊಂಡವರನ್ನು ಮನೆಯಲ್ಲಿ ಒಬ್ಬರೇ ಬಿಟ್ಟು ಬರುವುದು ಹೇಗೆ?

ಪುಟ್ಟಿಗೂ ನೀರೆಂದರೆ ಅಪ್ಪನಷ್ಟೇ ಭಯ. ವಿಮಾನದಲ್ಲೇ ತಾತ ಅವಳಿಗೆ ಉಪ್ಪು ಎಂದು ಹೆಸರಿಟ್ಟಿದ್ದರು. ನೀರಿಗೆ ಬಿದ್ದರೆ ಕರಗಿಹೋಗೋಕೆ ನೀನೇನು ಉಪ್ಪೇನೇ, ಎಂದು ಅವರು ಕೇಳಿದಾಗಲೆಲ್ಲ ಮಗು ಅಪ್ಪನ ತೋಳಿನ ಕೆಳಗೆ ಸೇರಿಕೊಳ್ಳುತ್ತಿತ್ತು.

ಎರಡನೆಯ ದಿನ ಬೆಳಗ್ಗೆ ಹೋಟೆಲಿನ ಬಚ್ಚಲಲ್ಲಿ ಅಪ್ಪ, ಮಗಳು ಇಬ್ಬರೂ ಹಲ್ಲುಜ್ಜುತ್ತಿದ್ದಾಗ ಪುಟ್ಟಿ ಬ್ರಶ್ಶನ್ನು ಬಾಯಿಂದ ತೆಗೆದಳು.

"ಅಪ್ಪ, ತಾತ ನನ್ನ ತಳ್ತಾರಾ?"

"ನಾನಿರೋವಾಗ ನಿನ್ನ ಯಾರೂ ತಳ್ಳಲ್ಲ."

"ಆಣೆ?"

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ನೆತ್ತಿಯ ಮೇಲಿಟ್ಟ. "ಆಣೆ." ಆ ಕ್ಷಣದಲ್ಲಿ ಅವನಷ್ಟು ಪ್ರಾಮಾಣಿಕ ಮನುಷ್ಯ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ. ತನಗೆ ಆದದ್ದು ಮಗಳಿಗೆ ಆಗಬಾರದು, ಬದುಕಿನಲ್ಲಿ ಅವನು ಹಟ ಹಿಡಿದು ಬೇಡಿಕೊಂಡದ್ದು ಅದೊಂದನ್ನೇ.

ನೀರಾಟದ ಕೌಂಟರು ದಡದಲ್ಲೇ ಇತ್ತು. ನೀಲಿ ಟೀ ಶರ್ಟಿನ ಹೆಂಗಸು ಪ್ರತಿಯೊಬ್ಬರಿಗೂ ಒಂದೊಂದು ಫಾರಂ ತುಂಬಿಸಿಕೊಂಡು, ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಿದ್ದಳು. ಈಜು ಬಲ್ಲವರಿಗೆ ಹಸಿರು. ಬಾರದವರಿಗೆ ಹಳದಿ, ಅವರು ಜಾಕೆಟ್ ಹಾಕಿಕೊಂಡೇ ಇಳಿಯಬೇಕು. ಆರೋಗ್ಯ ನೆಟ್ಟಗಿಲ್ಲದವರಿಗೆ ಕೆಂಪು, ಅವರು ಪಾದ ಒದ್ದೆ ಮಾಡಿಕೊಂಡು ಸುಮ್ಮನಿರಬೇಕು. ಒಮ್ಮೆ ಕಟ್ಟಿದರೆ ಸಂಜೆ ಅವಳೇ ಕತ್ತರಿ ಹಾಕುವ ತನಕ ಬಿಚ್ಚುವ ಹಾಗಿಲ್ಲ.

ಅಕ್ಷರ ಚೆಂದ ಎಂಬ ಕಾರಣಕ್ಕೆ ನಾಲ್ಕೂ ಫಾರಂ ತುಂಬುವ ಕೆಲಸ ಅಂಗಡಿಯವನಾದ ಮಗನ ಪಾಲಿಗೆ ಬಂತು. ಅಪ್ಪನ ಫಾರಂನಲ್ಲಿ ಏಳನೇ ಪ್ರಶ್ನೆ, ಕಳೆದ ಒಂದು ವರ್ಷದಲ್ಲಿ ಹೃದಯದ ಚಿಕಿತ್ಸೆ ಆಗಿದೆಯೇ? ಮೇಷ್ಟ್ರು ಭುಜದ ಮೇಲಿಂದ ಬಗ್ಗಿ, ಇಲ್ಲ ಅಂತ ಹಾಕು ಎಂದು ಹೇಳಿ, ಮಗ ಹಾಕಿಯೇ ಹಾಕುತ್ತಾನೆಂಬ ಭರವಸೆಯಲ್ಲಿ ಸಾಲಿನ ಕಡೆ ತಿರುಗಿದರು. ಸಾಲಿನಲ್ಲಿ ಹದಿನೈದು ಜನ ಇದ್ದರು, ಎಲ್ಲ ಅದೇ ಸಿರಪ್ಪು ಮಾರಿದ ಅಂಗಡಿಯವರು ಮತ್ತು ಅವರ ಸಂಸಾರ. ಮೂವತ್ತೆರಡು ವರ್ಷ ಮೈದಾನದಲ್ಲಿ ಕೂಗಿದ ಗಂಟಲಿಗೆ ಹದಿನೈದು ಜನ ಏನೂ ಅಲ್ಲ. ಹುಲಿ ಹೊಟ್ಟೆಯಲ್ಲಿ ನರಿ ಹುಟ್ಟಿದ ಕಥೆ ಕೇಳಿ ಎಂದು ಅವರು ಶುರು ಮಾಡಿದರು. ಕಲ್ಲುಗಣಿಯ ಹೊಂಡ ಬಂತು, ಹದ್ದು ಬಂತು. ದಡಕ್ಕೆ ಎಳೆದು ಹಾಕಿದ ಮೇಲೆ ಮಗ ಚಡ್ಡಿಯಲ್ಲೇ ಹೊಯ್ದುಕೊಂಡದ್ದೂ ಬಂತು. ಸಾಲು ನಕ್ಕಿತು. ಪುಟ್ಟಿ ಅಪ್ಪನ ಮುಖ ನೋಡಿದಳು. ಅವಳಿಗೆ ಆ ಕಥೆ ಗೊತ್ತಿರಲಿಲ್ಲ.

ಅಂಗಡಿಯವನು ಏಳನೇ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ. ಅಷ್ಟಕ್ಕೆ ಬಿಟ್ಟಿದ್ದರೆ ಅದು ಮಗನ ಕಾಳಜಿ ಎನಿಸುತ್ತಿತ್ತು. ಅವನು ತಲೆಯೆತ್ತಿ, ಜನ್ಮದಲ್ಲಿ ಎತ್ತದ ಧ್ವನಿ ಎತ್ತಿದ.

"ಎರಡು ಸ್ಟೆಂಟ್ ಇವೆ ಮೇಡಂ. ಬಿ.ಪಿ. ಮಾತ್ರೆ ಬೆಳಗ್ಗೆ ಒಂದು, ಸಂಜೆ ಒಂದು. ರಾತ್ರಿ ಉಚ್ಚೆ ತಡೆಯಕ್ಕಾಗಲ್ಲ, ಅದಕ್ಕೂ ಒಂದು ಮಾತ್ರೆ. ಬರೀಲಾ?"

ಸಾಲು ಮೊದಲಿಗಿಂತ ಜೋರಾಗಿ ನಕ್ಕಿತು. ಸಾಲಿಗೆ ಯಾರಾದರೇನು? ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ಕೈ ನೀಡಿದರು, ಆ ಹೆಂಗಸು ಕೆಂಪು ಪಟ್ಟಿ ಕಟ್ಟಿದಳು. ಐದು ವರ್ಷದ ಒಳಗಿನ ಮಕ್ಕಳಿಗೆ ರಬ್ಬರಿನ ಕೊಳ ಇದೆ, ಬೇಕಾದರೆ ಅದರಲ್ಲಿ ಕಾಲು ಇಳಿಬಿಟ್ಟು ಕೂರಬಹುದು ಎಂದು ಮರ್ಯಾದೆಯಿಂದಲೇ ಹೇಳಿದಳು. ಅಂಗಡಿಯವನ ಹೊಟ್ಟೆ ತಣ್ಣಗಾಯಿತು. ಮೂವತ್ತೈದು ವರ್ಷದಿಂದ ಕಾಯುತ್ತಿದ್ದ ತಂಪು ಅದು.

ಒಂದು ಸಲ ರುಚಿ ಹತ್ತಿದ ನಾಲಿಗೆ ಸುಮ್ಮನಿದ್ದೀತೇ? ಹಳದಿ ಪಟ್ಟಿ ಕಟ್ಟಿಕೊಂಡು, ಜಾಕೆಟ್ಟಿನೊಳಗೆ ಉಬ್ಬಿಕೊಂಡು, ಅವನು ಆ ಬೆಳಗ್ಗೆ ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿಯಲ್ಲಿ ಹೆಂಡತಿಯ ಬೆನ್ನು ತಬ್ಬಿ ಕಿರುಚಿದ. ಗಾಜಿನ ತಳದ ದೋಣಿಯಲ್ಲಿ ಮೀನು ನೋಡಿದ. ಪ್ರತಿ ಸಲ ದಡಕ್ಕೆ ಬಂದಾಗಲೂ ಕೊಡೆಯ ಕೆಳಗೆ ಟವೆಲು, ಚಪ್ಪಲಿ ಕಾಯುತ್ತಾ ಕೂತಿದ್ದ ಅಪ್ಪನ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ, ಮಾತ್ರೆ ತಗೊಂಡ್ರಾ, ಬಾತ್‌ರೂಮಿಗೆ ಹೋಗಿ ಬಂದ್ರಾ ಎಂದು ವಿಚಾರಿಸಿದ. ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಗುಂಡಿ, ಬಕಲು ಪರೀಕ್ಷಿಸುವ ಕೆಲಸದವಳು, ಯಾವುದು ಎಷ್ಟು ಎಳೆದರೆ ಕಿತ್ತು ಬರುತ್ತದೆ ಎಂದು ಬಲ್ಲವಳು. ಸಾಕು ಬಿಡ್ರೀ ಎಂದು ಎರಡು ಸಲ ಹೇಳಿದಳು. ಮೂರನೇ ಸಲ ಹೇಳಲಿಲ್ಲ.

ಈ ನಡುವೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಹಲ್ಲು ಕಿತ್ತ ಹಾವಿನ ಪಕ್ಕದಲ್ಲಿ ಮಕ್ಕಳೂ ಧೈರ್ಯವಾಗಿ ಕೂರುತ್ತವೆ. ದೋಣಿ ಬೇಡವೆಂದು ಉಳಿದ ಪುಟ್ಟಿ ತಾತನ ಕಾಲ ಬಳಿ ಮರಳು ತೋಡುತ್ತಾ ಕೂತಳು. ಮರಳು ತೊಳೆಯಲು ನೀರಿನ ಅಂಚಿಗೆ ಹೋಗಬೇಕಾಯಿತು. ತಾತ ಒಂದು ಬೆರಳು ಕೊಟ್ಟರು. ಪಾದ ಮುಳುಗಿತು. ತಾತ ತಮ್ಮ ಕೆಂಪು ಪಟ್ಟಿ ತೋರಿಸಿ, ನನಗೆ ಇಲ್ಲೀವರೆಗೆ ಮಾತ್ರ, ಮುಂದೆ ನೀನೇ ಹೋಗಬೇಕು ಎಂದರು. ತಳ್ಳಲಿಲ್ಲ, ನಗಲಿಲ್ಲ, ಬೇರೆ ಕೆಲಸವಿಲ್ಲದ್ದರಿಂದ ಕಾದರು. ಪುಟ್ಟಿ ತಾನಾಗಿ ಮೊಣಕಾಲಿನ ತನಕ ಹೋಗಿ, ನಿಂತು, ತಿರುಗಿ ನೋಡಿದಳು.

"ಕರಗಲಿಲ್ಲವಲ್ಲೇ ಉಪ್ಪು" ಎಂದರು ಮೇಷ್ಟ್ರು.

ನಾಳೆ ಸೊಂಟದ ತನಕ ಹೋಗ್ತೀನಿ ಎಂದು ಊಟದ ಹೊತ್ತಿಗೆ ಪುಟ್ಟಿ ಸಾರಿದಳು. ಹೆಂಡತಿಗೆ ಕಣ್ಣು ತುಂಬಿ ಬಂತು. ಅಂಗಡಿಯವನಿಗೂ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಯುರಿ. ಎಂಟು ವರ್ಷ ತೋಳಿನ ಕೆಳಗೆ ಇಟ್ಟುಕೊಂಡು ಕಾಪಾಡಿದವನು ತಾನು, ಒಂದು ಬೆರಳು ಕೊಟ್ಟು ಹೆಸರು ತೆಗೆದುಕೊಂಡವರು ಅವರು.

ನಾಲ್ಕು ಗಂಟೆಗೆ ಜೆಟ್ಟಿಯ ತುದಿಯಿಂದ ನೀರಿಗೆ ಜಿಗಿಯುವ ಆಟವಿತ್ತು. ಮರದ ಹಲಗೆಯ ಜೆಟ್ಟಿ, ಕೆಳಗೆ ಬಲೆ ಕಟ್ಟಿದ ನೀರು, ಅದರಲ್ಲಿ ಇಬ್ಬರು ಕಾವಲಿನವರು, ಪಕ್ಕದ ಪುಟ್ಟ ದೋಣಿಯಲ್ಲಿ ಕ್ಯಾಮೆರಾ ಹಿಡಿದ ಫೋಟೊದವನು. ಹೆಂಡತಿ ಗಂಡನ ಜಾಕೆಟ್ಟಿನ, ಮಗಳ ಜಾಕೆಟ್ಟಿನ ಬಕಲುಗಳನ್ನು ಮೂರು ಮೂರು ಸಲ ಎಳೆದು ನೋಡಿ, ಟವೆಲು ಹಿಡಿದು ದಡದಲ್ಲಿ ನಿಂತಳು, ಸಾಲಿನವರ ಬೆನ್ನು ಅಡ್ಡವಾಗಿ ಜೆಟ್ಟಿಯ ತುದಿ ಅವಳಿಗೆ ಕಾಣುತ್ತಿರಲಿಲ್ಲ. ನೀನು ಜಿಗಿಯೋದು ಬೇಡ, ಅಪ್ಪ ಜಿಗಿಯೋದನ್ನ ಹತ್ತಿರದಿಂದ ನೋಡು ಎಂದು ಪುಟ್ಟಿಯನ್ನು ಕೈಹಿಡಿದು ಕರೆದುಕೊಂಡು ಹೋದವನು ಅವನೇ. ಹಲಗೆಯ ಮೇಲೆ ನಡೆಯಲು ಕೆಂಪು ಪಟ್ಟಿಗೆ ಅಡ್ಡಿಯಿಲ್ಲ. ಮೇಷ್ಟ್ರು ಹಿಂದೆಯೇ ಬಂದರು.

ತುದಿಗೆ ಬಂದ ಮೇಲೆ ಅಂಗಡಿಯವನು ಕೆಳಗೆ ನೋಡಿದ. ನೋಡಬಾರದಿತ್ತು. ಎರಡಾಳು ಕೆಳಗೆ ನೀರು ಹಸಿರಾಗಿತ್ತು, ಹೊಂಡದ ನೀರೂ ಹಸಿರಾಗಿತ್ತು. ಜಿಗಿಯದೆ ಜಾಕೆಟ್ಟಿನ ಬಕಲನ್ನು ಇನ್ನೊಮ್ಮೆ ಎಳೆದು ನೋಡಿದ. ಹಿಂದೆ ಸಾಲು ಬೆಳೆಯಿತು, ಬೆಳಗ್ಗೆ ನಕ್ಕವರೇ ಎಲ್ಲ. ಆಗಲ್ಲ ಅಂದ್ರೆ ದಾರಿ ಬಿಡಿ ಎಂದು ಯಾರೋ ಅಂದರು. ಅವನು ಹಿಂದೆ ಸರಿದ.

ಮೇಷ್ಟ್ರು ಕೂಗಲಿಲ್ಲ. ಪಕ್ಕಕ್ಕೆ ಬಂದು ನಿಂತು, ತಣ್ಣಗೆ ಹೇಳಿದರು.

"ನಂಗೆ ಕೆಂಪು ಪಟ್ಟಿ ಇವತ್ತು ಕಟ್ಟಿಸ್ದೆ, ಸಂತೋಷ. ಸಂಜೆ ಕತ್ತರಿಸ್ತಾರೆ. ನೀನು ಹುಟ್ಟುವಾಗಲೇ ಕಟ್ಕೊಂಡು ಬಂದೋನು. ನಿಂದನ್ನ ಯಾರು ಕತ್ತರಿಸ್ತಾರೋ?"

ಆಮೇಲೆ ಅವನನ್ನು ಅಲ್ಲೇ ಬಿಟ್ಟು ಪುಟ್ಟಿಯ ಕಡೆ ಬಗ್ಗಿದರು. ಅವರ ದನಿ ಬೇರೆಯೇ ಆಯಿತು. "ಬಾ ಉಪ್ಪು, ನಿಮ್ಮಪ್ಪನಿಗೆ ಬೇಡವಂತೆ. ಅಲ್ಲಿ ನೋಡು, ಎಷ್ಟು ದೊಡ್ಡ ಹಕ್ಕಿ."

ಹಕ್ಕಿ ನಿಜವಾಗಿಯೂ ಇತ್ತು, ಬಿಳಿಯದು. ಪುಟ್ಟಿ ಕತ್ತೆತ್ತಿದಳು. ಅಲ್ಲಿ ನೋಡು ಎಂಬ ಆ ಎರಡು ಮಾತು ಕಿವಿಗೆ ಬಿದ್ದದ್ದಷ್ಟೇ ಅಂಗಡಿಯವನಿಗೆ ಗೊತ್ತು. ಅವನ ಕೈ ಮುಂದೆ ಹೋಯಿತು. ಕೈ ಹೋಯಿತು ಎನ್ನುವುದೂ ಸುಳ್ಳೇ. ಅವನು ತಳ್ಳಿದ. ನೋಡಿ, ನನ್ನ ಮಗಳಿಗೆ ಭಯವಿಲ್ಲ ಎಂದು ಸಾಲಿಗೆ ತೋರಿಸಬೇಕಿತ್ತು, ಅದಕ್ಕೆ ಬೇರೆ ಮಗಳು ಸಿಕ್ಕಲಿಲ್ಲ.

ಜಾಕೆಟ್ಟು ಅವಳನ್ನು ತಕ್ಷಣ ಮೇಲಕ್ಕೆತ್ತಿತು. ಕಾವಲಿನವನು ಎರಡು ಬೀಸಿನಲ್ಲಿ ತಲುಪಿ ದಡಕ್ಕೆ ತಂದ. ಮೈಗೆ ಒಂದು ಗೀರೂ ಆಗಿರಲಿಲ್ಲ. ಹೆಂಡತಿಯ ಟವೆಲಿನೊಳಗೆ ಮೂಗು, ಬಾಯಿಂದ ಉಪ್ಪುನೀರು ಕಾರಿ, ಉಸಿರು ಸಿಕ್ಕಿದ ಮೇಲೆ ಪುಟ್ಟಿ ಹೇಳಿದ್ದು ಒಂದೇ ಮಾತು.

"ತಾತ ಹಕ್ಕಿ ತೋರಿಸಿ ತಳ್ಳಿಬಿಟ್ರು."

ಹನ್ನೊಂದು ವರ್ಷದಿಂದ ಮಾವನಿಗೆ ಎದುರು ಮಾತಾಡದ ಸೊಸೆ ಅವತ್ತು ಮಾತಾಡಿದಳು. ನೀವು ಮನುಷ್ಯರೇನಾ ಎಂದು ಕೇಳಿದಳು. ಇನ್ನು ಮುಂದೆ ನನ್ನ ಮಗುವಿನ ಹತ್ತಿರ ಬರಕೂಡದು ಎಂದಳು. ಮೇಷ್ಟ್ರು ಮಗನ ಕಡೆ ನೋಡಿದರು. ಮಗ ತನ್ನ ಜಾಕೆಟ್ಟಿನ ಬಕಲು ಬಿಚ್ಚುವುದರಲ್ಲಿ ಮಗ್ನನಾಗಿದ್ದ. ಬಿಚ್ಚಿದ್ದನ್ನು ಮತ್ತೆ ಹಾಕಿ ಮತ್ತೆ ಬಿಚ್ಚಿದ. ಮೇಷ್ಟ್ರು ಕಾದು ನೋಡಿ, ಬಾಯಿ ಮುಚ್ಚಿಕೊಂಡು ಬೈಗುಳ ತಿಂದರು.

ಕಾಲಿನ ಮರಳು ತೊಳೆಯುವ ನಲ್ಲಿಯ ಹತ್ತಿರ ಇಬ್ಬರೇ ಆದಾಗ ಅಪ್ಪ ಮಗನ ಬೆನ್ನು ತಟ್ಟಿದರು. "ಶಹಬ್ಬಾಸ್" ಎಂದರು. "ಕೊನೆಗೂ ನನ್ನ ಮಗ ಆದೆ." ಅದು ಚುಚ್ಚುಮಾತು ಎಂದು ಅವನಿಗೆ ಗೊತ್ತಿತ್ತು. ಆದರೂ ಆ ಮಾತಿಗೆ ಅವನ ಎದೆ ಒಂದು ಗಳಿಗೆ ಬೆಚ್ಚಗಾಯಿತು. ಜೀವಮಾನವಿಡೀ ಕಾದಿದ್ದ ಶಹಬ್ಬಾಸು ಅದು, ಬಂದದ್ದು ಹೀಗೆ.

ಸಂಜೆ ಊಟದ ಹಾಲಿನ ಬಾಗಿಲಲ್ಲಿ ಆ ದಿನದ ಫೋಟೊಗಳನ್ನು ಹಲಗೆಗೆ ಚುಚ್ಚಿ ಇಟ್ಟಿದ್ದರು. ಬೇಕಾದವರು ಬೇಕಾದ್ದನ್ನು ತೆಗೆದುಕೊಳ್ಳಬಹುದು, ಕಂಪನಿಯ ಉಡುಗೊರೆ. ಕತ್ತರಿ ಹಿಡಿದ ನೀಲಿ ಟೀ ಶರ್ಟಿನ ಹೆಂಗಸು ಪಕ್ಕದಲ್ಲೇ ಕೂತು ಒಬ್ಬೊಬ್ಬರ ಪಟ್ಟಿ ಕತ್ತರಿಸುತ್ತಿದ್ದಳು. ಇವರ ಮುಂದೆ ಇನ್ನೂ ಆರು ಜನರಿದ್ದರು. ಪುಟ್ಟಿ ಅಮ್ಮನ ಕೈ ಬಿಡಿಸಿಕೊಂಡು ಹಲಗೆಯ ಮುಂದೆ ಹೋಗಿ ನಿಂತಳು.

ಅವಳದ್ದೇ ಫೋಟೊ ಕಣ್ಣಿನ ಮಟ್ಟದಲ್ಲಿತ್ತು. ಗಾಳಿಯಲ್ಲಿ ಮಗು, ಬಾಯಿ ತೆರೆದಿತ್ತು, ಕಣ್ಣು ಇನ್ನೂ ಮೇಲೆ ಹಕ್ಕಿಯ ಕಡೆಗೇ ಇತ್ತು. ಮಗುವಿನ ಮುಖ ಹಿಡಿಯುವ ಆತುರದಲ್ಲಿ ಫೋಟೊದವನು ದೊಡ್ಡವರ ತಲೆಗಳನ್ನು ಬಿಟ್ಟುಬಿಟ್ಟಿದ್ದ. ಅವರ ಕೈಗಳು ಮಾತ್ರ ಇದ್ದವು. ಒಂದು ಕೈ ಆಕಾಶ ತೋರಿಸುತ್ತಿತ್ತು. ಇನ್ನೊಂದು ಅವಳ ಬೆನ್ನಿನಿಂದ ಆಗಷ್ಟೇ ಬಿಟ್ಟಿತ್ತು, ಐದೂ ಬೆರಳು ಅಗಲವಾಗಿ.

ಪುಟ್ಟಿ ಆಕಾಶ ತೋರಿಸುವ ಕೈಯ ಮಣಿಕಟ್ಟನ್ನು ಬೆರಳಿನಿಂದ ಮುಟ್ಟಿದಳು. ಕೆಂಪು. ಇನ್ನೊಂದನ್ನು ಮುಟ್ಟಿದಳು. ಹಿಂದೆ ತಿರುಗಿ, ಎಲ್ಲರಿಗಿಂತ ದೂರದಲ್ಲಿ ಒಬ್ಬರೇ ನಿಂತಿದ್ದ ತಾತನ ಕೈ ನೋಡಿದಳು. ಆಮೇಲೆ ಅಪ್ಪನ ಕೈ ನೋಡಿದಳು. ಅವನು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿದ್ದ. ಹಳದಿ ಪಟ್ಟಿಯ ಅರ್ಧ ಹೊರಗೇ ಉಳಿದಿತ್ತು.

ಹೆಂಡತಿಯೂ ನೋಡಿದಳು. ಮಾವನಿಗೆ ಆಡಿದ ಮಾತೆಲ್ಲ ಅವಳ ಬಾಯಲ್ಲೇ ಬಿಸಿತುಪ್ಪವಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೇಷ್ಟ್ರು ಹತ್ತಿರ ಬಂದು ಪಿನ್ನು ಕಿತ್ತು ಫೋಟೊ ತೆಗೆದುಕೊಂಡರು. ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿ, ಮಡಿಕೆ ಬೀಳದ ಹಾಗೆ ಅಂಗಿಯ ಜೇಬಿಗೆ ಇಳಿಸಿದರು.

"ಇದು ನನಗಿರಲಿ" ಎಂದರು.

ಏನಾದರೂ ಹೇಳಲೇಬೇಕಾಗಿತ್ತು. ಅಂಗಡಿಯವನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆಳಗ್ಗೆ ಆಣೆ ಇಟ್ಟ ನೆತ್ತಿಯ ಮೇಲೆ ಕೈ ಇಡಲು ಹೋಗಿ, ಧೈರ್ಯ ಸಾಲದೆ ಇಳಿಸಿದ. ಮುಖದಲ್ಲಿ ನಗು ತಂದುಕೊಂಡ. ತಪ್ಪಾಯ್ತು ಎನ್ನಬೇಕೆಂದೇ ಬಾಯಿ ತೆರೆದ.

"ತಮಾಷೆಗೆ ಕಣೇ, ಪುಟ್ಟಿ."

ಪುಟ್ಟಿ ಅವನ ಮುಖವನ್ನು ನೋಡುತ್ತಾ ನಿಂತಳು. ಆಮೇಲೆ ತಲೆಯಾಡಿಸಿದಳು.