‘ಏನೂ ಇಲ್ಲ’ ಎಂಬ ಗುಂಡಿ

ಅದು ಮೊದಲ ಸಲ ಕಾಣಿಸಿಕೊಂಡದ್ದು ಮಧ್ಯಾಹ್ನ, ಊಟ ಮುಗಿಸಿ ಬಂದು ನಾನು ಕುರ್ಚಿಯಲ್ಲಿ ಕೂತ ಹೊತ್ತಿಗೆ. ಹಾಗಾಗಿ ಕತ್ತಲು, ನಿದ್ದೆಗಣ್ಣು ಎಂಬ ನೆಪ ಯಾವುದೂ ನನಗಿಲ್ಲ.

ನಮ್ಮ ಬಂದರಿನ ಯಾರ್ಡಿನಲ್ಲಿ ಮನುಷ್ಯರಿರುವುದಿಲ್ಲ. ದೊಡ್ಡ ಹಡಗುಗಳು ತಂದ ಕಂಟೇನರುಗಳನ್ನು ಇಳಿಸಿ, ಸಾಲಾಗಿ ಪೇರಿಸಿಟ್ಟು, ಚಿಕ್ಕ ಹಡಗುಗಳು ಬಂದಾಗ ಅವಕ್ಕೆ ಹತ್ತಿಸಿ ಕಳಿಸುವುದು ಇಲ್ಲಿಯ ಕೆಲಸ. ಅವುಗಳಲ್ಲಿ ಒಂದೂ ನಮ್ಮ ಊರಿಗೆಂದು ಬಂದದ್ದಲ್ಲ. ಒಳಗೇನಿದೆ ಎಂದು ಇಲ್ಲಿ ಯಾರೂ ಬಾಗಿಲು ತೆಗೆದು ನೋಡುವುದಿಲ್ಲ. ಹಳಿಗಳ ಮೇಲೆ ಓಡಾಡುವ ಕ್ರೇನುಗಳಿಗೆ ಚಾಲಕರಿಲ್ಲ. ತಾವೇ ಓಡುತ್ತವೆ, ತಾವೇ ಎತ್ತುತ್ತವೆ. ಪ್ರತಿ ಸಾಲಿಗೂ ಒಂದು ಲೇಸರ್ ಕಣ್ಣಿದೆ. ಮನುಷ್ಯನಂಥದ್ದೇನಾದರೂ ಅದಕ್ಕೆ ಕಂಡರೆ ಆ ಸಾಲಿನ ಕ್ರೇನು ನಿಂತುಬಿಡುತ್ತದೆ. ಆಗ ದೂರದ ಕಟ್ಟಡದಲ್ಲಿ ಸ್ವೆಟರ್ ಹಾಕಿಕೊಂಡು ಎ.ಸಿ.ಯ ಕೆಳಗೆ ಕೂತ ನನ್ನ ಪರದೆಯ ಮೇಲೆ ಆ ಕಣ್ಣು ಕಂಡದ್ದು ಮೂಡುತ್ತದೆ: ಕಪ್ಪು ಬಟ್ಟೆಯ ಮೇಲೆ ಉಪ್ಪು ಚೆಲ್ಲಿದ ಹಾಗೆ ಬರೀ ಬಿಳಿ ಚುಕ್ಕಿಗಳು. ನಾನು ಅದನ್ನು ನೋಡಿ, ಅದೇ ಜಾಗವನ್ನು ಕ್ಯಾಮೆರಾದಲ್ಲೂ ನೋಡಿ, ಎರಡರಲ್ಲೊಂದು ಗುಂಡಿ ಒತ್ತಬೇಕು. ‘ಮನುಷ್ಯ’ ಒತ್ತಿದರೆ ಕ್ರೇನು ನಿಂತೇ ಇರುತ್ತದೆ, ‘ಏನೂ ಇಲ್ಲ’ ಒತ್ತಿದರೆ ಮತ್ತೆ ಓಡುತ್ತದೆ.

ಸೇರಿದ ಹೊಸತರಲ್ಲಿ ಹಕ್ಕಿ ಕೂತರೂ, ಪ್ಲಾಸ್ಟಿಕ್ ಹಾಳೆ ಹಾರಿದರೂ ನಾನು ‘ಮನುಷ್ಯ’ವನ್ನೇ ಒತ್ತುತ್ತಿದ್ದೆ. ಒಂದು ಕ್ರೇನು ನಿಂತರೆ ಅದರ ಹಿಂದೆ ಹಡಗು ಕಾಯಬೇಕಾಗುತ್ತದೆ. ಹಾಗಾಗಿ, ಸುಮ್ಮಸುಮ್ಮನೆ ಅಪಾಯದ ಗಂಟೆ ಬಾರಿಸುವವಳೆಂದು, ನನಗೆ ‘ಗಂಟಮ್ಮ’ ಎಂಬ ಹೆಸರು ಬಿತ್ತು. ಹೆಸರಿಟ್ಟವರು ನಮ್ಮ ಶಿಫ್ಟಿನ ಮುಖ್ಯಸ್ಥರು. ಏನೇ ಆದರೂ ದನಿ ಏರಿಸದ ಆ ಮನುಷ್ಯನಿಗೆ ನಾವು ‘ತಣ್ಣೀರು’ ಎಂದು ಹೆಸರಿಟ್ಟಿದ್ದೆವು, ಅಲ್ಲಿಗಲ್ಲಿಗೆ ಸರಿಹೋಯಿತು.

“ಗಂಟಮ್ಮ, ಹೀಗೆ ಹಕ್ಕಿಪಕ್ಕಿಗೆಲ್ಲ ಮರ್ಯಾದೆ ಕೊಡ್ತಾ ಕೂತ್ರೆ ಹಡಗು ಇಲ್ಲೇ ಮೊಟ್ಟೆ ಇಟ್ಟು ಕಾವು ಕೊಡುತ್ತೆ,” ಎನ್ನುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಅಕ್ಕ ಇದೇ ಬಂದರಿನಲ್ಲಿ ತಂಪು ಕಂಟೇನರುಗಳ ರಿಪೇರಿ ಕೆಲಸದವಳು. ಇಬ್ಬರೂ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಾನು ಬೀದಿಯ ತುದಿಯಿಂದ ವಾಪಸು ಓಡಿದರೆ ಅವಳು ಅಲ್ಲೇ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. “ಹೋಗಿ ಬಾರಮ್ಮಾ. ಬರೋವಾಗ ಗೋಡೆಗಳೂ ಇದಾವಾ ನೋಡ್ಕೊಂಡು ಬಾ.”

ಇಷ್ಟೆಲ್ಲ ಕೇಳಿಸಿಕೊಂಡು ನಾನು ‘ಏನೂ ಇಲ್ಲ’ ಒತ್ತುವುದನ್ನು ಕಲಿತೆ. ಆಮೇಲೆ ಅದು ಬಂತು.

ಹೊಸ ಬ್ಲಾಕಿನ ನಡುಸಾಲಿನಲ್ಲಿ ಕ್ರೇನು ನಿಂತಿತ್ತು. ಚುಕ್ಕಿಗಳಲ್ಲಿ ಒಂದು ಆಕೃತಿ. ಒಂದು ಭುಜದ ಮೇಲೆ ಏನೋ ಗುಡ್ಡೆಯಂತೆ ಎದ್ದಿತ್ತು, ತಲೆ ಇನ್ನೊಂದು ಬದಿಗೆ ವಾಲಿ ಕಂಟೇನರಿನ ಗೋಡೆಗೆ ತಾಗಿತ್ತು. ಒಳಗಿನಿಂದ ಬರುವ ಯಾವುದೋ ಮಾತಿಗೆ ಕಿವಿಗೊಟ್ಟವರ ಹಾಗೆ. ಕ್ಯಾಮೆರಾದಲ್ಲಿ ನೋಡಿದರೆ ಬಿಸಿಲು, ಕಾಂಕ್ರೀಟು, ಕಂಟೇನರಿನ ನೆರಳು. ಯಾರೂ ಇಲ್ಲ. ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿದೆ. ಇಲ್ಲ. ನಾನು ಗುಂಡಿ ಒತ್ತಿದೆ.

ಮತ್ತೆ ಬಂತು. ಅದೇ ಸಾಲು, ಅದೇ ಜಾಗ. ಕೂದಲೆಳೆಯಷ್ಟೂ ಬದಲಾಗದ ಅದೇ ವಾಲಿದ ತಲೆ. ಲೇಸರ್ ಬದಲಾಯಿಸಿದರು, ಗಾಜು ಒರೆಸಿದರು. ಆದರೂ ಬಂತು. ಪಕ್ಕದ ಮೇಜಿನವಳಿಗೆ ಇದು ತಮಾಷೆಯಾಗಿ, “ನಿನ್ನ ಗೆಳತಿ ಬಂದ್ಲು ನೋಡೇ, ಒಂದು ಲೋಟ ನೀರು ಕೊಡು,” ಎನ್ನತೊಡಗಿದಳು.

ನಾನು ತಣ್ಣೀರಿನ ಬಳಿ ಹೋಗಿ, “ಸರ್, ಅಲ್ಲಿ ಹಿಂದೆ ಯಾರಿಗಾದರೂ ಏನಾದರೂ ಆಗಿತ್ತಾ?” ಎಂದು ಕೇಳಿದೆ.

“ಅಲ್ಲಿ ಯಾರಿಗಮ್ಮ ಆಗಬೇಕು, ಮೀನಿಗಾ?” ಎಂದರು. “ಮೊನ್ನೆ ಮೊನ್ನೆವರೆಗೂ ಅದು ಸಮುದ್ರ. ದೆವ್ವ ಆಗ್ಬೇಕಾದ್ರೂ ನಿಂತ್ಕೊಳ್ಳೋಕೆ ಮೊದಲು ನೆಲ ಬೇಕು.”

ಅದು ನಿಜವೇ. ಚಿಕ್ಕವರಿದ್ದಾಗ ನಾನೂ ಅಕ್ಕನೂ ಅಲೆತಡೆಯ ಬಂಡೆಗಳ ಮೇಲೆ ಕೂತು ಅದೇ ನೀರಿಗೆ ಕಲ್ಲೆಸೆಯುತ್ತಿದ್ದೆವು. ತಳ ಕಾಣದ ಹಸಿರು ನೀರು. ಆಮೇಲೆ ಬಂದರು ಬೆಳೆಯಿತು. ದೊಡ್ಡ ಹಡಗು ಬರಲೆಂದು ಒಂದು ಕಡೆ ತಳವನ್ನು ಅಗೆದರು, ಅಗೆದ ಮರಳನ್ನು ಇನ್ನೊಂದು ಕಡೆ ಸುರಿದು ನೆಲ ಮಾಡಿದರು. ಆ ಜಾಗದಲ್ಲಿ ಯಾರೂ ಹುಟ್ಟಿಲ್ಲ, ಸತ್ತಿಲ್ಲ, ನಡೆದೂ ಇಲ್ಲ. ಅಲ್ಲಿ ನಡೆದು ಹೋದದ್ದು ಎಂಬುದೇ ಇಲ್ಲ. ಈ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಯಾಕೋ ಆಗಲಿಲ್ಲ.

ಕೊನೆಗೆ ತಣ್ಣೀರು ಕ್ರೇನು ನಡೆಸುವ ಯಂತ್ರಕ್ಕೇ ಪಾಠ ಹೇಳಿಸಿದರು. ಆ ಜಾಗ, ಆ ಆಕೃತಿ ಎರಡೂ ಸೇರಿ ಕಂಡರೆ ನಿಲ್ಲಬೇಡ ಎಂದು. ನಾನು ಅಷ್ಟು ಸಲ ಒತ್ತಿದ ‘ಏನೂ ಇಲ್ಲ’ಗಳೇ ಆ ಪಾಠ. ಅಂದಿನಿಂದ ಕ್ರೇನು ಅದರ ಮೇಲೆಯೇ ಸರಾಗವಾಗಿ ಓಡಾಡಿತು. ಪರದೆಯ ಮೂಲೆಯಲ್ಲಿ ಅದು ಬೂದು ಬಣ್ಣದಲ್ಲಿ ಮೂಡಿ ಮಾಯವಾಗುತ್ತಿತ್ತು. ಎಲ್ಲರೂ ಮರೆತರು. ನಾನು ಮಾತ್ರ, ಗ್ಯಾಸ್ ನೋಡಿಕೊಂಡು ಬರುವವಳ ಹಾಗೆ, ಪ್ರತಿ ಸಲವೂ ಕ್ಯಾಮೆರಾವನ್ನು ಅತ್ತ ತಿರುಗಿಸಿ, ಖಾಲಿ ಕಾಂಕ್ರೀಟು ನೋಡಿಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿದ್ದೆ.

ಆ ದಿನ ದೊಡ್ಡ ಹಡಗೊಂದು ಕಟ್ಟೆಗೆ ಬಂದು ನಿಂತಿತ್ತು. ಯಾರಿಗೂ ಉಸಿರಾಡಲು ಪುರಸೊತ್ತಿಲ್ಲ. ಬೂದು ಆಕೃತಿ ಮೂಡಿತು. ನಾನು ಎಂದಿನಂತೆ ಕ್ಯಾಮೆರಾ ತಿರುಗಿಸಿದೆ.

ಕಾಂಕ್ರೀಟಿನ ಮೇಲೆ ಕಿತ್ತಳೆ ಬಣ್ಣದ ಜಾಕೆಟು ಕಂಡಿತು.

ಭುಜದ ಮೇಲೆ ಸುರುಳಿ ಸುತ್ತಿದ ಕೇಬಲ್ಲು. ಕಂಟೇನರಿನ ಗೋಡೆಗೆ ಕಿವಿ ಹಚ್ಚಿ, ಒಳಗಿನ ಯಂತ್ರದ ಸದ್ದು ಕೇಳುತ್ತಿದ್ದ ಅಕ್ಕ. ತಲೆ ಎಷ್ಟು ವಾಲಬೇಕೋ ಅಷ್ಟೇ ವಾಲಿತ್ತು. ಪಕ್ಕದ ಚುಕ್ಕಿಗಳ ಚಿತ್ರಕ್ಕೂ ಇದಕ್ಕೂ ಒಂದು ಎಳೆ ವ್ಯತ್ಯಾಸವಿಲ್ಲ. ಅವಳ ತಲೆಯ ಮೇಲೆ ಕ್ರೇನು ಹೊತ್ತು ತಂದ ಕಂಟೇನರಿನ ನೆರಳು ಬಂದು ನಿಂತು, ನಿಧಾನವಾಗಿ ಅಗಲವಾಗತೊಡಗಿತು.

‘ಮನುಷ್ಯ’ ಒತ್ತಿದೆ. ಕ್ರೇನು ನಿಲ್ಲಲಿಲ್ಲ. ಆ ಪಾಠವನ್ನು ಅದು ಚೆನ್ನಾಗಿ ಕಲಿತಿತ್ತು.

ಗೋಡೆಯ ಮೇಲೆ ಗಾಜಿನ ಮುಚ್ಚಳದೊಳಗೆ ಇಡೀ ಯಾರ್ಡನ್ನು ನಿಲ್ಲಿಸುವ ಕೆಂಪು ಗುಂಡಿಯಿದೆ. ಅದನ್ನು ಯಾರೂ ಮುಟ್ಟಿದ್ದಿಲ್ಲ. ಕುರ್ಚಿ ಬಿದ್ದ ಸದ್ದು ನೆನಪಿದೆ, ತಣ್ಣೀರು “ಏಯ್, ಏನ್ ಮಾಡ್ತಿದೀಯಾ” ಎಂದದ್ದು ನೆನಪಿದೆ. ಮುಚ್ಚಳ ತೆಗೆದದ್ದು ನೆನಪಿಲ್ಲ. ಅಂಗೈ ಕೊಯ್ದಿದ್ದರಿಂದ ಒಡೆದಿರಬೇಕು ಎಂದುಕೊಳ್ಳುತ್ತೇನೆ.

ಕೋಣೆಯ ಪರದೆಗಳೆಲ್ಲ ಒಟ್ಟಿಗೆ ಸ್ತಬ್ಧವಾದವು. ಅಕ್ಕ ಆ ಮೌನಕ್ಕೇ ಬೆಚ್ಚಿ ತಲೆಯೆತ್ತಿದಳು. ಕೈ ಚಾಚಿದರೆ ಕಂಟೇನರಿನ ತಳ ಸಿಗುವಂತಿತ್ತು.

ಸಂಜೆ ಮನೆಯಲ್ಲಿ ನನ್ನ ಅಂಗೈಗೆ ಪಟ್ಟಿ ಕಟ್ಟುತ್ತ ಅವಳು ರೇಗಿದಳು. ಒಳಗೆ ಹೋಗುವ ಮುನ್ನ ಹೇಳಿಕಳಿಸಿ ಸಾಲಿಗೆ ಬೀಗ ಹಾಕಿಸಬೇಕು, ಎಂದರೆ ಅಲ್ಲಿಗೆ ಕ್ರೇನು ಬಾರದಂತೆ ಮಾಡಿಸಬೇಕು ಎಂಬುದು ನಿಯಮ. “ಅದಕ್ಕೆ ಕಾದು ಕಾದು ಸಾಕಾಗುತ್ತೆ ಕಣೇ. ಎಲ್ಲರೂ ಹಾಗೇ ನುಗ್ತೀವಿ. ಕಾಲಿಟ್ಟರೆ ಸಾಕು, ಅದೇ ನಿಲ್ಲುತ್ತಲ್ಲ.”

“ಕೇಬಲ್ ಯಾಕೆ ಭುಜದ ಮೇಲಿತ್ತು? ನೀನು ತಳ್ಳುಗಾಡಿಯಲ್ಲಲ್ವಾ ಒಯ್ಯೋದು?”

“ಇವತ್ತೇ ಅದರ ಗಾಲಿ ಮುರೀಬೇಕಾ,” ಎಂದಳು. “ಮೊದಲನೇ ಸಲ ಹೊತ್ತುಕೊಂಡೆ ನೋಡು.”

ನಾನು ಆ ಆಕೃತಿಯ ಕಥೆಯನ್ನೆಲ್ಲ ಹೇಳಿದೆ. ಯಾವಾಗಿನಿಂದ ಬರುತ್ತಿತ್ತು ಎಂಬುದನ್ನೂ ಹೇಳಿದೆ. ಅಕ್ಕ ಎಲ್ಲದಕ್ಕೂ ನಗುವವಳು, ನಗಲಿಲ್ಲ. ಎದ್ದು ಹೋಗಿ ಗ್ಯಾಸ್ ಆರಿದೆಯೇ ನೋಡಿಕೊಂಡು ಬಂದಳು.

ಯಂತ್ರದ ಪಾಠವನ್ನು ಅಳಿಸಿದರು. ನಡುಸಾಲಿನಲ್ಲಿ ಅದು ಆಮೇಲೆ ಎಂದೂ ಕಾಣಿಸಲಿಲ್ಲ. ಯಾರೂ ಈಗ ನನ್ನನ್ನು ಗಂಟಮ್ಮ ಎನ್ನುವುದಿಲ್ಲ.

ಬಂದರು ಮಾತ್ರ ಬೆಳೆಯುತ್ತಲೇ ಇದೆ. ಕೊನೆಯ ಬ್ಲಾಕಿನಾಚೆ ಮತ್ತೆ ಮರಳು ಸುರಿದಿದ್ದಾರೆ. ಅಲ್ಲಿಗಿನ್ನೂ ಕ್ರೇನು ಬಂದಿಲ್ಲ. ಪರೀಕ್ಷೆಗೆಂದು ಬರೀ ಲೇಸರ್ ಕಣ್ಣು ನೆಟ್ಟಿದ್ದಾರೆ. ಹೋದ ವಾರ ಆ ಕಣ್ಣಿಗೆ ಏನೋ ಕಂಡಿತು. ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈಯನ್ನು ನೆಲಕ್ಕೂರಿ, ಇನ್ನೊಂದನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು ಮೇಲೆ ನೋಡುತ್ತಿರುವ ಯಾರೋ ಒಬ್ಬರು. ಕ್ಯಾಮೆರಾದಲ್ಲಿ ಬರೀ ಮರಳು. ನಾನು ‘ಮನುಷ್ಯ’ ಒತ್ತಿದೆ. ತಣ್ಣೀರು ನನ್ನ ಬೆನ್ನ ಹಿಂದೆ ಬಂದು ನಿಂತು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಬಿಸಿಲಿಗೆ ಹುಬ್ಬಿನ ಮೇಲೆ ಹೋದ ತಮ್ಮದೇ ಕೈಯನ್ನು ಮೆಲ್ಲಗೆ ಇಳಿಸಿ ಜೇಬಿಗೆ ಹಾಕಿಕೊಂಡರು.

ಯಾರೆಂದು ಗೊತ್ತಿಲ್ಲ. ಹಾಗಾಗಿ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಗೇಟಿನ ಬಳಿ ನಾನು ಪ್ರತಿಯೊಬ್ಬರೂ ಬಗ್ಗುವುದನ್ನು, ಕೂರುವುದನ್ನು ನೋಡುತ್ತಿರುತ್ತೇನೆ. ಬಿದ್ದ ಚಮಚ ಎತ್ತಿಕೊಳ್ಳಲು ಯಾರಾದರೂ ಕೂತರೂ ನಾನು ತುತ್ತು ಕೆಳಗಿಟ್ಟು, ಅವರ ಇನ್ನೊಂದು ಕೈ ಎಲ್ಲಿದೆ ಎಂದು ನೋಡುತ್ತೇನೆ.

ಇವತ್ತು ಬೆಳಿಗ್ಗೆ ಅಕ್ಕ ಹೊಸ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಎದುರಿನಿಂದ ಬಿಸಿಲು ಬೀಳುತ್ತಿತ್ತು. ನಾನು ಚೀಲ ಹಿಡಿದು ಹಿಂದೆ ನಿಂತಿದ್ದೆ.

“ಏನೇ, ಹಾಗ್ಯಾಕೆ ನೋಡ್ತಿದೀಯಾ?” ಎಂದು ಅವಳು ಮುಖ ಎತ್ತಿದಳು.

“ಎದ್ದು ನಿಂತು ಕಟ್ಟಿಕೋ ಅಕ್ಕಾ,” ಎಂದೆ.

ಹಿಂದಾಗಿದ್ದರೆ ಇಡೀ ಬೀದಿಗೆ ಕೇಳುವಂತೆ ನಗುತ್ತಿದ್ದಳು. ಈಗ ಎದ್ದಳು. ಕಾಲನ್ನು ಸ್ಟೂಲಿನ ಮೇಲಿಟ್ಟು, ತಲೆ ತಗ್ಗಿಸಿ, ಲೇಸು ಕಟ್ಟಿಕೊಂಡಳು. ಎರಡೂ ಕೈಗಳು ಕಾಣುವ ಹಾಗೆ.