ಉಲ್ಟಾ ಬೆಳಕು

ರಟ್ಟಿನ ಡಬ್ಬಿಗಳಿಗೆ ಅಚ್ಚು ಮಾಡಿಕೊಡುತ್ತಿದ್ದ ಅಪ್ಪನನ್ನು ಬೀದಿಯವರೆಲ್ಲ ಅಚ್ಚಪ್ಪ ಎಂದೇ ಕರೆಯುತ್ತಿದ್ದರು. ಹಲಗೆಯಲ್ಲಿ ಗೀರು ಕೊರೆದು ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂರಿಸಿದರೆ ಅಚ್ಚು. ಅದನ್ನು ರಟ್ಟಿನ ಮೇಲೆ ಒತ್ತಿದರೆ ಡಬ್ಬಿ. ಕೈ ಬಂಗಾರ, ನಾಲಿಗೆ ಮಾತ್ರ ಅದೇ ಉಕ್ಕಿನ ಪಟ್ಟಿ. ಡಬ್ಬಿಗಳ ವಿನ್ಯಾಸ ಕಲಿತು ಬಂದ ಮಗಳಿಗೆ ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ: "ಎಷ್ಟು ಚೆಂದ ಮಾಡಿದ್ರೂ ಅಷ್ಟೇ ಕಣಮ್ಮ. ಡಬ್ಬಿ ಇರೋದೇ ಬಿಸಾಕೋದಕ್ಕೆ."

ಆ ಮಾತು ಅವಳಿಗೆ ಚುಚ್ಚುತ್ತಿತ್ತು. ಅದಕ್ಕೇ, ಮೇಜಿನ ದೀಪ ತಯಾರಿಸುವ ಹೆಂಗಸೊಬ್ಬಳು ತನ್ನ ದೀಪಗಳಿಗೆ ಡಬ್ಬಿ ಮಾಡಿಸಲು ಬಂದಾಗ ಮಗಳು ಹಿಂದೆಮುಂದೆ ನೋಡದೆ ಅಂದುಬಿಟ್ಟಿದ್ದಳು: "ನಾನು ಮಾಡೋ ಡಬ್ಬೀನ ಯಾರೂ ಬಿಸಾಕಲ್ಲ, ನೋಡ್ತಿರಿ."

"ಹಾಗಿದ್ರೆ ಮಾತ್ರ ಕೆಲಸ ನಿಮ್ಮದು" ಎಂದಿದ್ದಳು ಆಕೆ.

ಜಂಬವೇನೋ ಕೊಚ್ಚಿಯಾಯಿತು. ಆಮೇಲೆ ತಲೆ ಕೆರೆದುಕೊಂಡು ಕೂತವಳಿಗೆ ಕೊನೆಗೂ ಒಂದು ದಾರಿ ಹೊಳೆಯಿತು. ಡಬ್ಬಿಯ ಮುಂಬದಿಯಲ್ಲಿ 'ಬೆಳಕು' ಎಂಬ ಅಕ್ಷರಗಳನ್ನೇ ಕತ್ತರಿಸಿ ತೆಗೆದರೆ ಒಳಗಿನ ದೀಪ ಇಣುಕುತ್ತದೆ. ಅಕ್ಷರಗಳ ಹೊಟ್ಟೆ ಕಳಚಿ ಬೀಳದಂತೆ ಸಣ್ಣ ಸಣ್ಣ ರಟ್ಟಿನ ಸೇತುವೆ ಬಿಟ್ಟು ಬರೆಯುವಷ್ಟರಲ್ಲಿ, ಆ ದುಂಡು ದುಂಡು ಅಕ್ಷರಗಳ ಮೇಲೆ ಸಿಟ್ಟೂ ಮುದ್ದೂ ಒಟ್ಟಿಗೇ ಬಂದಿದ್ದವು.

ದೀಪದಾಕೆ ಮಾದರಿ ನೋಡಲು ಬರುವ ಮಧ್ಯಾಹ್ನ, ಅಚ್ಚಿನಿಂದ ಇಳಿದ ರಟ್ಟನ್ನು ಮಡಿಸಿ ಎತ್ತಿ ಹಿಡಿದು ನೋಡಿದಳು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿದ್ದವು.

"ಅಪ್ಪಾ, ನನ್ನ ಚಿತ್ರ ತಿರುಗಿಸಿದ್ಯಾ?"

"ತಿರುಗಿಸದೆ ಮತ್ತೆ? ಅಚ್ಚು ಉಲ್ಟಾ ಇದ್ರೆ ತಾನೇ ಡಬ್ಬಿ ಸರಿ ಬರೋದು."

"ನಿನಗೆ ಕಷ್ಟ ಬೇಡ ಅಂತ ನಾನೇ ತಿರುಗಿಸಿ ಕೊಟ್ಟಿದ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಓದಿ ನೋಡ್ಬಾರ್ದಿತ್ತಾ?"

ಅಪ್ಪ ಓದಿದ್ದುಂಟು. ಜೀವನವಿಡೀ ಉಲ್ಟಾ ಅಕ್ಷರಗಳ ಜೊತೆ ಏಗಿದವನಿಗೆ ಉಲ್ಟಾ ಯಾವುದು, ಸೀದಾ ಯಾವುದು ಎಂಬ ಭೇದವೇ ಅಳಿಸಿಹೋಗಿತ್ತು, ಅಷ್ಟೇ.

ಇನ್ನೊಂದು ಅಚ್ಚಿಗೆ ಹೊತ್ತೆಲ್ಲಿ? ಹೊರಬದಿಗೆ ಮಾತ್ರ ಬಣ್ಣವಿದ್ದ ರಟ್ಟನ್ನು ಒಳಹೊರಗು ಮಾಡಿ ಮಡಿಸುವಂತೆಯೂ ಇರಲಿಲ್ಲ. ದೀಪದಾಕೆ ಆಗಲೇ ಬಾಗಿಲಲ್ಲಿದ್ದಳು. ಮಗಳು ಗಾಬರಿಯಲ್ಲಿ ಡಬ್ಬಿಯ ಮುಖವನ್ನು ಗೋಡೆಗೆ ತಿರುಗಿಸಿಟ್ಟು, ಬರಿಯ ಬೆನ್ನನ್ನೇ ಅವಳಿಗೆ ತೋರಿಸಿದಳು.

"ದೀಪ ಒಳಗಿಟ್ಟು ಹೇಗೆ ಕಾಣುತ್ತೆ ನೋಡೋಣ" ಎಂದ ಆಕೆ, ಬೇಡವೆನ್ನುವುದರೊಳಗೆ ತಾನು ತಂದ ದೀಪವನ್ನು ಡಬ್ಬಿಗಿಳಿಸಿ, ಕೋಣೆಯ ಕಿಟಕಿ ಮುಚ್ಚಿ ಸ್ವಿಚ್ ಒತ್ತಿಯೇಬಿಟ್ಟಳು.

ಗೋಡೆಯ ಮೇಲೆ, ಡಬ್ಬಿಗಿಂತಲೂ ದೊಡ್ಡದಾಗಿ, 'ಬೆಳಕು' ಎಂದು ಬರೆದಿತ್ತು. ಒಂದು ಕೊಂಬು ಕೊಂಕಿಲ್ಲದೆ, ನೆಟ್ಟಗೆ, ಸೀದಾ.

ಅಕ್ಷರ ಸರಿಯಾಗಿ ಕತ್ತರಿಸಿದ್ದರೆ ಗೋಡೆಯ ಮೇಲೆ ಅದು ಉಲ್ಟಾ ಬೀಳುತ್ತಿತ್ತು ಎಂಬುದು ಅಪ್ಪ ಮಗಳಿಬ್ಬರಿಗೂ ಒಂದೇ ಸಲ ಹೊಳೆಯಿತು.

"ಇದು ಯಾರ ಐಡಿಯಾ?" ದೀಪದಾಕೆಯ ದನಿ ಮೆತ್ತಗಾಗಿತ್ತು.

ಅಪ್ಪ ಗಂಟಲು ಸರಿಮಾಡಿಕೊಂಡ. "ಬೇಕು ಅಂತಲೇ ಉಲ್ಟಾ ಕತ್ತರಿಸಿದ್ದು, ಮೇಡಂ. ಎಲ್ಲ ನನ್ನ ಮಗಳ ತಲೆ."

ಗಿರಾಕಿಯ ಎದುರು ಅವಳನ್ನು ಅಪ್ಪ ಹೊಗಳಿದ್ದು ಅದೇ ಮೊದಲು. ಅವಳಿಗೆ ಹೆಮ್ಮೆಯೆನಿಸಿತು. ಆದರೂ ಸುಳ್ಳಿನ ಹೊಗಳಿಕೆ ಅವಳಿಗೆ ಬೇಡವಾಗಿತ್ತು.

"ಇಲ್ಲ, ತಪ್ಪಿ ಆಗಿದ್ದು. ಅವರೊಂದು ಸಲ ತಿರುಗಿಸಿದ್ರು, ನಾನೊಂದು ಸಲ. ಆದ್ರೆ ಇನ್ಮೇಲೆ ಬೇಕು ಅಂತಲೇ ಹೀಗೇ ಮಾಡ್ತೀವಿ."

ದೀಪದಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾಡಿ. ನನ್ನ ದೀಪಗಳೆಲ್ಲ ಇದರಲ್ಲೇ ಹೋಗ್ಲಿ. ಇದನ್ನ ಯಾರು ಬಿಸಾಕ್ತಾರೆ, ಹೇಳಿ?" ಎಂದು ದೀಪವನ್ನು ಅಲ್ಲೇ ಬಿಟ್ಟು ಹೋದಳು.

ಸಂಜೆ ರಟ್ಟಿನ ಚೂರು ಗುಡಿಸಲು ಬಂದ ಅಮ್ಮ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದಳು. "ಅಯ್ಯೋ, ಇದು ಉಲ್ಟಾ ಆಗಿದೆಯಲ್ಲ. ಕಸಕ್ಕೆ ಹಾಕ್ಲಾ?"

ಅಪ್ಪ ಕೂತಲ್ಲಿಂದ ಎದ್ದು ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

"ಡಬ್ಬಿ ಇರೋದೇ ಬಿಸಾಕೋದಕ್ಕೆ ಅಂತ ಯಾರೇ ಹೇಳಿದ್ದು ನಿಂಗೆ?"