ಹನ್ನೊಂದು ಟ್ಯಾಗುಗಳ ಹೊಲಿಗೆ

ದೊಡ್ಡಸಿಸ್ಟರಿಗೆ ಸಡಿಲವಾಗಿರುವುದನ್ನು ಕಂಡರೆ ಆಗುತ್ತಿರಲಿಲ್ಲ. ಪರದೆ ಜೋತುಬಿದ್ದರೆ ಹೊಲಿಗೆ, ಅಂಗಿಯ ಗುಂಡಿ ಅಲ್ಲಾಡಿದರೆ ಹೊಲಿಗೆ. ಮೂವತ್ತೊಂದು ವರ್ಷ ಎಮರ್ಜೆನ್ಸಿ ವಾರ್ಡು ನಡೆದದ್ದೇ ಅವರ ಸೂಜಿದಾರದ ಮೇಲೆ ಎಂದು ಡಾಕ್ಟರುಗಳು ತಮಾಷೆ ಮಾಡುತ್ತಿದ್ದರು.

ಹೋದ ವರ್ಷ ರೋಗಿಯ ಕಡೆಯವರು ವಾರ್ಡ್‌ಬಾಯ್‌ಗೆ ಹೊಡೆದ ಮೇಲೆ ಆಡಳಿತದವರಿಗೆ ಜ್ಞಾನೋದಯವಾಯಿತು. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದರು, ಕಾವಲಿನವರನ್ನು ಕರೆಯಲು ಮೇಜಿನಡಿ ಗಂಟೆ ಇಟ್ಟರು, ಎಲ್ಲರ ಕೊರಳಿಗೂ ಹೊಸ ಗುರುತಿನ ಟ್ಯಾಗು ಕೊಟ್ಟರು. ತರಬೇತಿಯನ್ನೂ ಇಟ್ಟಿದ್ದರು. ಆವತ್ತು ವಾರ್ಡು ತುಂಬಿ ತುಳುಕುತ್ತಿತ್ತು. "ಸಹಿ ಹಾಕಿ ಓಡಿ ಬನ್ರೇ! ಭಾಷಣ ಕೇಳ್ತಾ ಕೂತ್ರೆ ಡ್ರಿಪ್ ಯಾರು ನೋಡ್ತಾರೆ?" ಎಂದರು ದೊಡ್ಡಸಿಸ್ಟರ್. ಎಲ್ಲರೂ ಹಾಗೇ ಮಾಡಿದರು.

ಟ್ಯಾಗಿನ ಪಟ್ಟಿಗೆ ಕತ್ತಿನ ಹಿಂದೊಂದು ಪ್ಲಾಸ್ಟಿಕ್ ಕೊಂಡಿ. ಬಗ್ಗಿ ಹಾಸಿಗೆ ಸರಿ ಮಾಡಿದರೆ ಸಾಕು, ಅದು ಕಳಚಿ ರೋಗಿಯ ಮೇಲೆಯೇ ಬೀಳುತ್ತಿತ್ತು. "ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ! ತನ್ನಿ ಇಲ್ಲಿ" ಎಂದು ಹನ್ನೊಂದು ಟ್ಯಾಗುಗಳ ಕೊಂಡಿಯನ್ನೂ ಎರಡೆಳೆ ದಾರ ಹಾಕಿ ಗಟ್ಟಿಯಾಗಿ ಹೊಲಿದುಕೊಟ್ಟರು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಮಂಗಳವಾರ ಮಧ್ಯಾಹ್ನ ರೋಗಿಯೊಬ್ಬರ ತಮ್ಮ ಎರಡು ಗಂಟೆ ಹೊತ್ತಿನಿಂದ ಕಾಯುತ್ತಿದ್ದ. ಒಳಗೇನಾಗುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸ್ಕ್ಯಾನ್ ಇನ್ನೂ ತಡ ಎಂದು ತಿಳಿಸಲು ಹೋದವಳು ಗುಬ್ಬಿ. ಕಡ್ಡಿಯಂತಿದ್ದ ಹೊಸ ನರ್ಸಿಗೆ ವಾರ್ಡಿಟ್ಟ ಹೆಸರು ಅದು. ಅವನು ಟ್ಯಾಗಿಗೇ ಕೈಹಾಕಿ ಎಳೆದ. ಪಟ್ಟಿ ಕಳಚಲಿಲ್ಲ. ಅವನು ಇನ್ನೊಂದು ಸುತ್ತು ತಿರುಚಿದ. ಗುಬ್ಬಿಗೆ ಕೂಗಲೂ ಆಗಲಿಲ್ಲ. ದೊಡ್ಡಸಿಸ್ಟರ್ ಓಡಿಬಂದು ಡ್ರೆಸ್ಸಿಂಗ್ ಕತ್ತರಿಯಿಂದ ಪಟ್ಟಿ ಕತ್ತರಿಸಿ ಜೇಬಿಗೆ ತುರುಕಿಕೊಂಡರು. ಯಾರೋ ಒತ್ತಿದ ಗಂಟೆ ಕೇಳಿ ಬಂದ ಕಾವಲಿನವರು ಅವನನ್ನು ಹಿಡಿದುಕೊಂಡರು.

ಸಂಜೆ ಸುರಕ್ಷತೆಯ ಅಧಿಕಾರಿ ಬಂದರು.

"ಎಳೆದ್ರೆ ತಾನೇ ಕಳಚ್ಕೊಳ್ಳಲಿ ಅಂತಾನೇ ಆ ಕೊಂಡಿ ಇಡೋದು. ತರಬೇತೀಲಿ ಹೇಳಿದ್ವಲ್ಲ! ಕಂಪನಿಯವ್ನು ಕಳಪೆ ಮಾಲು ಕೊಟ್ಟಿದಾನೆ, ಅವನನ್ನ ಬಿಡಲ್ಲ. ಎಲ್ಲಿ ಆ ಟ್ಯಾಗು?"

ದೊಡ್ಡಸಿಸ್ಟರ್ ಜೇಬಿನ ಮೇಲೆ ಕೈ ಇಟ್ಟುಕೊಂಡರು. ನಿವೃತ್ತಿಗೆ ಇನ್ನು ನಲವತ್ತು ದಿನ.

"ಎಲ್ಲೋ ಬಿದ್ಹೋಯ್ತು ಸರ್," ಎಂದಳು ಗುಬ್ಬಿ. ದನಿ ಇನ್ನೂ ಒಡೆದೇ ಇತ್ತು. ಕೊರಳ ಸುತ್ತ ಕೆಂಪು ಗೆರೆ.

ಆ ಸುಳ್ಳು ಕೇಳಿ ದೊಡ್ಡಸಿಸ್ಟರಿಗೆ ಎಲ್ಲಿಲ್ಲದ ನಾಚಿಕೆಯಾಯಿತು. ಜೇಬಿನಿಂದ ಟ್ಯಾಗು ತೆಗೆದು ಮೇಜಿನ ಮೇಲಿಟ್ಟರು.

"ಕಂಪನಿಯವ್ನದು ಏನೂ ತಪ್ಪಿಲ್ಲ. ಇದನ್ನ ಹೊಲಿದೋಳು ನಾನು. ಇನ್ನೂ ಹತ್ತು ಹೊಲಿದಿದೀನಿ. ತರಬೇತೀಲಿ ಕೂರ್ಬೇಡಿ, ಸಹಿ ಹಾಕಿ ಬನ್ನಿ ಅಂತ ಇವ್ರಿಗೆ ಹೇಳಿದೋಳೂ ನಾನೇ. ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು. ವಿಚಾರಣೆ ಆಗುತ್ತದೆ ಎಂದರು. ಆಗಲಿ ಎಂದರು ದೊಡ್ಡಸಿಸ್ಟರ್.

ಆಮೇಲೆ ಕೂತು ಹತ್ತೂ ಟ್ಯಾಗುಗಳ ಹೊಲಿಗೆ ಬಿಚ್ಚಿದರು. ಎರಡೆಳೆ ದಾರ, ಸುಲಭಕ್ಕೆ ಬರಲಿಲ್ಲ. ಗುಬ್ಬಿಗೆ ಹೊಸ ಟ್ಯಾಗು ತರಿಸಿ, ತಾವೇ ಕೊರಳಿಗೆ ಹಾಕಿ ಎಳೆದರು. ಕಳಚಿತು. ಮತ್ತೆ ಹಾಕಿ ಎಳೆದರು. ಕಳಚಿತು. ಮತ್ತೆ ಹಾಕಿದರು.

"ಸಾಕು ಅಕ್ಕಾ," ಎಂದಳು ಗುಬ್ಬಿ, "ನೋಯ್ತಿದೆ."